ಲಿಥಿಯಂ ಲೆಕ್ಕದಲ್ಲಿ ಮರೆತ ದ್ರವ

ಸಂತೇಬೆನ್ನೂರಿನ ಸುತ್ತಲ ಅಡಿಕೆ ತೋಟಗಳಿಗೆ ಬ್ಯಾಟರಿ ಸ್ಪ್ರೇಯರ್ ಬಂದಿದೆ, ರಸ್ತೆಗೆ ಎಲೆಕ್ಟ್ರಿಕ್ ಸ್ಕೂಟರ್ ಇಳಿದಿದೆ. ಲಿಥಿಯಂ ಈ ಸೀಮೆಗೆ ಹೊಸ ಹೆಸರಲ್ಲ. ಬ್ಯಾಟರಿ ಬೇಗ ಸೋತರೆ ರಿಪೇರಿಯವರು ‘ಸೆಲ್ ಹೋಗಿದೆ’ ಎಂದುಬಿಡುತ್ತಾರೆ. ಒಳಗೆ ಹೋದದ್ದೇನು? ಐದು ದಶಕದ ಲಿಥಿಯಂ ಚರಿತ್ರೆಯನ್ನು ತಿರುಗಿ ನೋಡಿದರೆ, ಎಲೆಕ್ಟ್ರೋಡ್‌ಗಳ ನಡುವಿನ ದ್ರವವೇ (ಎಲೆಕ್ಟ್ರೋಲೈಟ್) ಮತ್ತೆ ಮತ್ತೆ ಕಾರಣವಾಗಿ ಎದುರಾಗುತ್ತದೆ.

ನಾವು ಮಾತ್ರ ಅದಿರು ಎಣಿಸುತ್ತ ಕೂತೆವು. ಮಂಡ್ಯ ಜಿಲ್ಲೆಯ ಮರಳಗಾಲದ ನಿಕ್ಷೇಪ 14,100 ಟನ್ ಇರಬಹುದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಮುನಿಚಂದ್ರಯ್ಯ 2020ರಲ್ಲಿ ಅಂದಾಜಿಸಿದರು. ಮರುವರ್ಷ ಕೇಂದ್ರ ಸರ್ಕಾರ ಹೇಳಿದ್ದು 1,600 ಟನ್. ಎರಡು ಸಲವೂ ಚರ್ಚೆಯಾದದ್ದು ಟನ್ನುಗಳೇ.

1970ರ ದಶಕದಲ್ಲಿ ಎಕ್ಸಾನ್ ಕಂಪನಿಯಲ್ಲಿದ್ದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಲಿಥಿಯಂ ಲೋಹವನ್ನೇ ಎಲೆಕ್ಟ್ರೋಡ್ ಮಾಡಿದರು. ಪ್ರತಿ ಚಾರ್ಜಿಗೂ ಆ ಲೋಹ ಸಮನಾಗಿ ಕೂರದೆ ಮುಳ್ಳುಮುಳ್ಳಾಗಿ ಬೆಳೆಯುತ್ತಿತ್ತು. ಆಚೆಯ ಎಲೆಕ್ಟ್ರೋಡ್ ಮುಟ್ಟಿದರೆ ಶಾರ್ಟ್, ಬೆಂಕಿ. 1989ರಲ್ಲಿ ಕೆನಡಾದ ಮೋಲಿ ಎನರ್ಜಿ ತನ್ನ ಸೆಲ್‌ಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆಯಬೇಕಾಯಿತು. ಲೋಹದ ಬದಲು ಗ್ರಾಫೈಟ್ ಬಳಸೋಣವೆಂದರೆ ಇನ್ನೊಂದು ತೊಡಕು. ಅಂದಿನ ಮೆಚ್ಚಿನ ದ್ರವ ಪ್ರೊಪಿಲೀನ್ ಕಾರ್ಬೊನೇಟ್, ಲಿಥಿಯಂ ಜೊತೆ ತಾನೂ ಗ್ರಾಫೈಟಿನ ಪದರಗಳೊಳಗೆ ನುಗ್ಗಿ ಅದನ್ನು ಸಿಪ್ಪೆಸಿಪ್ಪೆಯಾಗಿ ಬಿಡಿಸಿಹಾಕುತ್ತಿತ್ತು. ಸೋನಿ 1991ರಲ್ಲಿ ಮಾರಿದ ಮೊದಲ ಸೆಲ್‌ನಲ್ಲಿ ಗ್ರಾಫೈಟ್ ಇರಲಿಲ್ಲ, ಕೋಕ್ ಇತ್ತು.

ಗ್ರಾಫೈಟನ್ನು ಉಳಿಸಿದ್ದು ಎಥಿಲೀನ್ ಕಾರ್ಬೊನೇಟ್. ಎರಡು ದ್ರವ್ಯಗಳ ನಡುವೆ ಇರುವುದು ಒಂದೇ ಒಂದು ಮೀಥೈಲ್ ಗುಂಪಿನ ವ್ಯತ್ಯಾಸ! ಮೊದಲ ಚಾರ್ಜಿನಲ್ಲಿ ಇದೂ ಒಡೆಯುತ್ತದೆ; ಆದರೆ ಒಡೆದ ಚೂರುಗಳು ಗ್ರಾಫೈಟಿನ ಮೇಲೆ ತೆಳುಪೊರೆಯಾಗಿ ಕೂತು, ಮುಂದಿನ ಒಡೆತವನ್ನು ತಾವೇ ತಡೆಯುತ್ತವೆ. ಕೆನಡಾದ ಜೆಫ್ ಡಾನ್ ತಂಡ 1990ರಲ್ಲಿ ಇದನ್ನು ವಿವರಿಸಿತು. ಗಾಯದ ಮೇಲಿನ ಹಕ್ಕಳೆಯಂತೆ ಈ ಪೊರೆ: ಬಿರುಕು ಬಿಟ್ಟಾಗಲೆಲ್ಲ ಹೊಸತಾಗಿ ಕಟ್ಟಬೇಕು, ಕಟ್ಟಿದಷ್ಟೂ ಕೆಲಸಕ್ಕೆ ಬರುವ ಲಿಥಿಯಂ ಖರ್ಚು. ಬ್ಯಾಟರಿಗೆ ವಯಸ್ಸಾಗುವ ಮುಖ್ಯ ದಾರಿ ಇದೇ.

ದ್ರವದಲ್ಲಿ ಕರಗಿಸುವ ಲವಣದ್ದೂ ಒಂದು ಕಥೆಯಿದೆ. ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಚೂರು ತೇವ ಸೋಕಿದರೂ ಹೈಡ್ರೋಫ್ಲೋರಿಕ್ ಆಮ್ಲ ಕೊಡುತ್ತದೆ. ಆಮ್ಲವು ಧನ ಎಲೆಕ್ಟ್ರೋಡ್‌ನ ಮ್ಯಾಂಗನೀಸನ್ನು ಕರಗಿಸುತ್ತದೆ, ಅದು ಆಚೆ ಹೋಗಿ ಗ್ರಾಫೈಟಿನ ಪೊರೆಯನ್ನು ಕೆಡಿಸುತ್ತದೆ. ಸೆಕೆ ಏರಿದಂತೆ ಇದೆಲ್ಲ ಚುರುಕು. ನಿಕ್ಕಲ್ ಹೆಚ್ಚಿರುವ ಸೆಲ್‌ಗಳನ್ನು 4.3 ವೋಲ್ಟ್ ದಾಟಿಸಿದರೆ ದ್ರವವೇ ಉತ್ಕರ್ಷಣಗೊಳ್ಳತೊಡಗುತ್ತದೆ. ವಿಜ್ಞಾನಿಗಳಾದ ಗುಡ್‌ಇನಫ್, ಪಾಢಿ, ಕೆ.ಎಸ್. ನಂಜುಂಡಸ್ವಾಮಿ 1997ರಲ್ಲಿ ಪ್ರಕಟಿಸಿದ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಸುಮಾರು 3.4 ವೋಲ್ಟಿನಲ್ಲೇ ದುಡಿಯುವುದರಿಂದ ದ್ರವಕ್ಕೆ ಅಷ್ಟು ಹಿಂಸೆಯಿಲ್ಲ. ಜಗಳೂರಿನಂಥ ಬಿಸಿಲು ಸೀಮೆಗೆ, ತುಸು ಭಾರವಾದರೂ, ಇದೇ ಲೇಸು.

ಲಿಥಿಯಂ ಬ್ಯಾಟರಿಗಾಗಿ 2019ರ ನೊಬೆಲ್ ಮೂವರಿಗೆ ಬಂತು, ಮುಖ್ಯವಾಗಿ ಎಲೆಕ್ಟ್ರೋಡ್‌ಗಳ ಕೆಲಸಕ್ಕೆ. ದ್ರವ ಪಳಗಿಸಿದವರು ಪಟ್ಟಿಯಲ್ಲಿಲ್ಲ.

ದ್ರವದ ಬದಲು ಘನ ಎಲೆಕ್ಟ್ರೋಲೈಟ್ ಇಟ್ಟರೆ ಲಿಥಿಯಂ ಮುಳ್ಳು ನಿಲ್ಲುತ್ತದೆಂದು ಬಹಳ ಮಂದಿ ನಂಬಿದ್ದರು. ನಿಲ್ಲಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಾಗ ಫಣಿ ಐತುಕುರಿ ಅವರ ತಂಡ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರ ಜೊತೆಗೂಡಿ, 2022ರಲ್ಲಿ ಇದರ ಮೂಲ ತೋರಿಸಿತು: ಬ್ಯಾಟರಿ ಬಳಕೆಯಾಗುವಾಗ ಲಿಥಿಯಂ ಮೇಲ್ಮೈಯಲ್ಲಿ ಸೂಕ್ಷ್ಮ ಟೊಳ್ಳುಗಳು ಏಳುತ್ತವೆ, ಅವುಗಳ ಅಂಚಿನಲ್ಲಿ ವಿದ್ಯುತ್ ಪ್ರವಾಹ ಕಿಕ್ಕಿರಿದು ಮುಳ್ಳು ಹುಟ್ಟುತ್ತದೆ. ಲಿಥಿಯಂಗೂ ಘನ ಎಲೆಕ್ಟ್ರೋಲೈಟಿಗೂ ನಡುವೆ ಟಂಗ್‌ಸ್ಟನ್‌ನಂಥ ಲೋಹದ ಅತಿ ತೆಳುವಾದ ಪದರವಿಟ್ಟಾಗ ಮುಳ್ಳು ಹುಟ್ಟುವುದು ತಡವಾಯಿತು. ನನ್ನ ಮಟ್ಟಿಗೆ, ಕರ್ನಾಟಕದ ಲಿಥಿಯಂ ಸುದ್ದಿಗಳಲ್ಲಿ ಮರಳಗಾಲಕ್ಕಿಂತ ದೊಡ್ಡದು ಇದು. ಮುಖಪುಟಕ್ಕೆ ಬರಲಿಲ್ಲ, ಅಷ್ಟೆ.

ರೈತರಿಗೆ ಒಂದು ಮಾತು. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಶೆಡ್ಡಿನೊಳಗೆ ಪೂರ್ತಿ ಚಾರ್ಜ್ ಮಾಡಿಟ್ಟ ಬ್ಯಾಟರಿ, ಬಳಸದಿದ್ದರೂ ಸವೆಯುತ್ತದೆ. ಅದನ್ನು ನೆರಳಿನಲ್ಲಿಡಿ, ತಣಿದ ಮೇಲಷ್ಟೇ ಚಾರ್ಜಿಗೆ ಹಾಕಿ.