ಜೆನೆಸಿಸ್ ಬಿಟ್ಟ ಹ್ಯಾಕೆಟ್, ಹ್ಯಾಕೆಟ್‌ನನ್ನು ಬಿಡದ ಜೆನೆಸಿಸ್

ಗಿಟಾರಿಸ್ಟ್ ಸ್ಟೀವ್ ಹ್ಯಾಕೆಟ್‌ನ ಇತ್ತೀಚಿನ ಪ್ರವಾಸಗಳ ಪೋಸ್ಟರ್ ನೋಡಿದರೆ ಸಾಕು, ಒಳಗೆ ಏನು ನುಡಿಸುತ್ತಾನೆ ಎಂಬುದು ಗೊತ್ತಾಗಿಬಿಡುತ್ತದೆ. 2019ರಲ್ಲಿ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್’ ಆಲ್ಬಮ್ ಇಡಿಯಾಗಿ. ಆಮೇಲೆ ‘ಸೆಕೆಂಡ್ಸ್ ಔಟ್’ ಇಡಿಯಾಗಿ. ಅದು ಮುಗಿಯುವಷ್ಟರಲ್ಲಿ ‘ಫಾಕ್ಸ್‌ಟ್ರಾಟ್’ಗೆ ಐವತ್ತು ತುಂಬಿತು, ಸರಿ, ಅದೂ ಇಡಿಯಾಗಿ. ಮೂರೂ ಬ್ರಿಟನ್ನಿನ ಜೆನೆಸಿಸ್ ಎಂಬ ರಾಕ್ ತಂಡದವು. ಆ ತಂಡವನ್ನು ಅವನು ಬಿಟ್ಟದ್ದು 1977ರಲ್ಲಿ. ಒಳಗಿದ್ದದ್ದು ಏಳು ವರ್ಷಕ್ಕಿಂತ ಕಡಿಮೆ, ಹೊರಗೆ ಬಂದು ಅರ್ಧ ಶತಮಾನವೇ ಆಗುತ್ತ ಬಂತು.

ಹೀಗಾಗಿ ಹ್ಯಾಕೆಟ್ ಬಗ್ಗೆ ಮಾತಾಡುವವರಲ್ಲಿ ಎರಡು ಪಂಗಡ. ಸ್ವಾತಂತ್ರ್ಯ ಬೇಕು ಅಂತ ಎದ್ದು ಹೋದವನು ಕೊನೆಗೆ ಹಳೆಯ ತಂಡದ ಹಾಡುಗಳ ಮೇಲೆಯೇ ಬದುಕುತ್ತಿದ್ದಾನೆ, ಹಾಗಿದ್ದರೆ ಹೋದದ್ದಾದರೂ ಯಾಕೆ ಅಂತ ಒಂದು ಪಂಗಡ ಕೇಳುತ್ತದೆ. ತಂಡವೇ ತನ್ನ ಒಳ್ಳೆಯ ಹಾಡುಗಳನ್ನು ಕೈಬಿಟ್ಟಿತು, ಇವನು ಎತ್ತಿಕೊಂಡ, ಇದರಲ್ಲಿ ತಪ್ಪೇನು ಅಂತ ಇನ್ನೊಂದು. ಎರಡೂ ಕಡೆ ಹುರುಳಿದೆ. ಆದರೆ ಎರಡೂ ಕಡೆಯವರು ತಮಗೆ ಅನುಕೂಲವಾದಷ್ಟನ್ನೇ ಹೇಳುತ್ತಾರೆ.

ನಮ್ಮಲ್ಲಿ ಜೆನೆಸಿಸ್ ಎಂದರೆ ಫಿಲ್ ಕಾಲಿನ್ಸ್ ಹಾಡಿದ ಎಂಬತ್ತರ ದಶಕದ ಪಾಪ್ ಗೀತೆಗಳು ಎಂದುಕೊಂಡವರೇ ಹೆಚ್ಚು. ಅದಕ್ಕೂ ಮೊದಲು ಆ ತಂಡ ಬೇರೆಯದೇ ಆಗಿತ್ತು. ಪೀಟರ್ ಗೇಬ್ರಿಯಲ್ ಹಾಡುಗಾರ, ಟೋನಿ ಬ್ಯಾಂಕ್ಸ್ ಕೀಬೋರ್ಡ್, ಮೈಕ್ ರದರ್‌ಫರ್ಡ್ ಬೇಸ್, ಕಾಲಿನ್ಸ್ ಡ್ರಮ್ಸ್. ಇಪ್ಪತ್ತಮೂರು ನಿಮಿಷ ಹರಿಯುವ ‘ಸಪರ್ಸ್ ರೆಡಿ’ಯಂಥ ಹಾಡುಗಳನ್ನು ಕಟ್ಟುತ್ತಿದ್ದ ತಂಡ. ಲಂಡನ್ನಿನ ಹ್ಯಾಕೆಟ್ ‘ಮೆಲೊಡಿ ಮೇಕರ್’ ಪತ್ರಿಕೆಯಲ್ಲಿ ಕೊಟ್ಟಿದ್ದ ಜಾಹೀರಾತು ನೋಡಿ ಗೇಬ್ರಿಯಲ್ ಫೋನ್ ಮಾಡಿದ್ದು, 1971ರ ಆರಂಭದಲ್ಲಿ ಅವನು ತಂಡ ಸೇರಿದ್ದು. ವೇದಿಕೆಯ ಮೇಲೆ ಗೇಬ್ರಿಯಲ್ ನರಿಯ ಮುಖವಾಡ ಹಾಕಿ ಕುಣಿಯುತ್ತಿದ್ದರೆ, ಇವನು ಕನ್ನಡಕ ಗಡ್ಡದೊಂದಿಗೆ ಸ್ಟೂಲಿನ ಮೇಲೆ ಕೂತು, ಗಿಟಾರಿನ ಮೇಲೆ ಬಾಗಿ ನುಡಿಸುತ್ತಿದ್ದ. ರಾಕ್ ಗಿಟಾರಿಸ್ಟ್ ಅಂದರೆ ಜನಕ್ಕೆ ಏನು ನೆನಪಾಗುತ್ತದೋ ಅದಕ್ಕೆ ಪೂರ್ತಿ ವಿರುದ್ಧ. ಬಲಗೈ ಬೆರಳನ್ನೂ ಗಿಟಾರಿನ ಕತ್ತಿನ ಮೇಲೆ ತಂದು ತಂತಿಯನ್ನು ಬಡಿದು ಸ್ವರ ಹುಟ್ಟಿಸುವ ಟ್ಯಾಪಿಂಗ್ ವಿದ್ಯೆಯನ್ನು 1971ರಲ್ಲೇ ‘ದ ರಿಟರ್ನ್ ಆಫ್ ದ ಜಯಂಟ್ ಹಾಗ್‌ವೀಡ್’ನಲ್ಲಿ ನುಡಿಸಿದ್ದ. ಅದು ಲೋಕಪ್ರಸಿದ್ಧವಾದದ್ದು 1978ರಲ್ಲಿ, ಎಡ್ಡಿ ವ್ಯಾನ್ ಹೇಲನ್ ಕೈಯಲ್ಲಿ. ಹ್ಯಾಕೆಟ್‌ನ ಪಾಲಿಗೆ ಎಷ್ಟೋ ವಿಷಯಗಳು ಹೀಗೇ ಆಗಿವೆ.

1975ರಲ್ಲಿ ಗೇಬ್ರಿಯಲ್ ತಂಡ ಬಿಟ್ಟ. ಆ ಗೊಂದಲದ ತಿಂಗಳುಗಳಲ್ಲಿ ಹ್ಯಾಕೆಟ್ ‘ವಾಯೇಜ್ ಆಫ್ ದ ಆಕೊಲೈಟ್’ ಎಂಬ ಸ್ವಂತ ಆಲ್ಬಮ್ ಮಾಡಿದ. ಕಾಲಿನ್ಸ್, ರದರ್‌ಫರ್ಡ್ ಇಬ್ಬರೂ ಅದರಲ್ಲಿ ನುಡಿಸಿದರು. ಬ್ರಿಟನ್ನಿನ ಪಟ್ಟಿಯಲ್ಲಿ 26ನೇ ಸ್ಥಾನದವರೆಗೆ ಹೋಯಿತು. ಮೊದಲ ಸಲಕ್ಕೆ ಅದು ಕಡಿಮೆಯೇನಲ್ಲ. ಕಷ್ಟ ಶುರುವಾದದ್ದು ಆಮೇಲೆ. ತಂಡದಲ್ಲಿದ್ದುಕೊಂಡೇ ಪಕ್ಕದಲ್ಲಿ ಸ್ವಂತ ಆಲ್ಬಮ್‌ಗಳನ್ನೂ ಮಾಡುವುದಕ್ಕೆ ಉಳಿದವರು ಒಪ್ಪಲಿಲ್ಲ ಎಂದು ಹ್ಯಾಕೆಟ್ ಸಂದರ್ಶನಗಳಲ್ಲಿ ಹೇಳುತ್ತ ಬಂದಿದ್ದಾನೆ. ಹಾಗಾದರೆ ತಂಡದ ಆಲ್ಬಮ್‌ನಲ್ಲೇ ತನ್ನ ಹಾಡುಗಳಿಗೆ ಇಷ್ಟು ಜಾಗ ಅಂತ ಖಾತ್ರಿ ಕೊಡಿ ಎಂದು ಕೇಳಿದ. ಅದೂ ಆಗಲಿಲ್ಲ.

1976ರ ಕೊನೆಗೆ ಬಂದ ‘ವಿಂಡ್ ಅಂಡ್ ವದರಿಂಗ್’ ಆಲ್ಬಮ್ ಮೇಲೆ ಹಾಡು ಬರೆದವರ ಹೆಸರುಗಳಿವೆ. ಆ ಪಟ್ಟಿ ಓದಿದರೆ ಅವನ ಸಂಕಟ ಅರ್ಥವಾಗುತ್ತದೆ. ಒಂಬತ್ತು ಹಾಡು. ಬ್ಯಾಂಕ್ಸ್ ಒಬ್ಬನೇ ಬರೆದದ್ದು ಮೂರು. ರದರ್‌ಫರ್ಡ್‌ನದು ಒಂದು. ಹ್ಯಾಕೆಟ್‌ನ ಹೆಸರು ಒಂಟಿಯಾಗಿ ಎಲ್ಲೂ ಇಲ್ಲ, ಇರುವಲ್ಲೆಲ್ಲ ಬೇರೆಯವರ ಜೊತೆ. ಅವನ ‘ಪ್ಲೀಸ್ ಡೋಂಟ್ ಟಚ್’ ಎಂಬ ವಾದ್ಯರಚನೆ ಕಾಲಿನ್ಸ್‌ಗೆ ಹಿಡಿಸಲಿಲ್ಲ ಅಂತ ಬಿದ್ದುಹೋಯಿತು, ‘ವಾಟ್ ಗೊರಿಲ್ಲಾ’ ಒಳಗೆ ಬಂತು. ಎರಡನ್ನೂ ಕೇಳಿದವರು ಈ ಆಯ್ಕೆಯನ್ನು ಸಮರ್ಥಿಸುವುದು ಕಷ್ಟ. ನಾನಂತೂ ಸಮರ್ಥಿಸಲಾರೆ.

ಆದರೂ ಬ್ಯಾಂಕ್ಸ್ ಕಡೆಯ ವಾದವನ್ನು ತಳ್ಳಿಹಾಕುವಂತಿಲ್ಲ. ತಂಡ ಎಂದ ಮೇಲೆ ಹಾಡು ಗೆದ್ದು ಒಳಗೆ ಬರಬೇಕು. ತಲೆಗಿಷ್ಟು ಅಂತ ಹಂಚಲು ಹೊರಟರೆ ಆಲ್ಬಮ್ ಕೆಡುತ್ತದೆ. ಹ್ಯಾಕೆಟ್ ತನ್ನ ಒಳ್ಳೆಯ ಸರಕನ್ನು 1975ರಲ್ಲಿ ಸ್ವಂತಕ್ಕೆ ಬಳಸಿಕೊಂಡು, ತಂಡಕ್ಕೆ ಬರಿಗೈಯಲ್ಲಿ ಬಂದ ಎಂಬ ಅನುಮಾನವೂ ಉಳಿದವರಿಗೆ ಇದ್ದಿದ್ದರೆ ಆಶ್ಚರ್ಯವಿಲ್ಲ. ಮೇಲಾಗಿ ‘ವಿಂಡ್ ಅಂಡ್ ವದರಿಂಗ್’ನಲ್ಲಿ ಬ್ಯಾಂಕ್ಸ್ ಬರೆದ ‘ಒನ್ ಫಾರ್ ದ ವೈನ್’, ‘ಆಫ್ಟರ್‌ಗ್ಲೋ’ ಎರಡೂ ನಿಜಕ್ಕೂ ಗಟ್ಟಿ ಹಾಡುಗಳು. ಗೆದ್ದೇ ಒಳಗೆ ಬಂದವು.

ಈ ವಾದದ ಬಣ್ಣ ಮಾಸಿದ್ದು ಮುಂದಿನ ನಾಲ್ಕು ವರ್ಷಗಳಲ್ಲಿ. 1977ರ ಅಕ್ಟೋಬರಿನಲ್ಲಿ ‘ಸೆಕೆಂಡ್ಸ್ ಔಟ್’ ಹೊರಬರುವ ವೇಳೆಗೆ ಹ್ಯಾಕೆಟ್ ಹೊರನಡೆದಿದ್ದ. 1979ರಲ್ಲಿ ಬ್ಯಾಂಕ್ಸ್ ಸ್ವಂತ ಆಲ್ಬಮ್ ತಂದ. 1980ರಲ್ಲಿ ರದರ್‌ಫರ್ಡ್ ತಂದ. 1981ರಲ್ಲಿ ಕಾಲಿನ್ಸ್ ‘ಫೇಸ್ ವ್ಯಾಲ್ಯೂ’ ತಂದು ತಂಡಕ್ಕಿಂತ ದೊಡ್ಡ ಹೆಸರಾದ. ಹ್ಯಾಕೆಟ್ ಕೇಳಿದ್ದನ್ನೇ ಮೂವರೂ ತಾವು ತಾವೇ ಕೊಟ್ಟುಕೊಂಡರು. ಅದರಿಂದ ತಂಡ ಒಡೆಯಲೂ ಇಲ್ಲ.

ಹೊರಬಂದವನಿಗೆ ಆದ ಲಾಭ ಮೊದಲ ಮೂರು ಆಲ್ಬಮ್‌ಗಳಲ್ಲಿ ಕಿವಿಗೆ ಬೀಳುತ್ತದೆ. 1978ರ ‘ಪ್ಲೀಸ್ ಡೋಂಟ್ ಟಚ್’ನಲ್ಲಿ ಜಾನಪದ ಗಾಯಕ ರಿಚಿ ಹೇವನ್ಸ್, ಸೋಲ್ ಗಾಯಕಿ ರ‍್ಯಾಂಡಿ ಕ್ರಾಫರ್ಡ್, ಅಮೆರಿಕದ ಕ್ಯಾನ್ಸಸ್ ತಂಡದ ಸ್ಟೀವ್ ವಾಲ್ಶ್, ಮೂವರೂ ಒಂದೇ ಆಲ್ಬಮ್‌ನಲ್ಲಿ ಹಾಡಿದರು. ಜೆನೆಸಿಸ್ ಇದ್ಯಾವುದಕ್ಕೂ ಬಾಗಿಲು ತೆಗೆಯುತ್ತಿರಲಿಲ್ಲ. ಮರುವರ್ಷ ಹಾಲೆಂಡಿನಲ್ಲಿ ರೆಕಾರ್ಡ್ ಮಾಡಿದ ‘ಸ್ಪೆಕ್ಟ್ರಲ್ ಮಾರ್ನಿಂಗ್ಸ್’ ಅವನ ಅತ್ಯುತ್ತಮ ಕೆಲಸ. ಅದೇ ಹೆಸರಿನ ಕೊನೆಯ ರಚನೆಯಲ್ಲಿ ಮಾತಿಲ್ಲ. ಆರು ನಿಮಿಷ ಗಿಟಾರ್ ಒಂದೇ ಹಾಡುತ್ತದೆ, ಎಲ್ಲೂ ವೇಗದ ಪ್ರದರ್ಶನವಿಲ್ಲ, ಎಲ್ಲೂ ಉಸಿರು ಕಟ್ಟುವುದಿಲ್ಲ. 1980ರ ‘ಡಿಫೆಕ್ಟರ್’ ಬ್ರಿಟನ್ನಿನಲ್ಲಿ ಒಂಬತ್ತನೇ ಸ್ಥಾನಕ್ಕೇರಿತು. ಇಲ್ಲಿಗೆ ನಿಲ್ಲಿಸಿದರೆ ಬಿಟ್ಟದ್ದು ನೂರಕ್ಕೆ ನೂರು ಸರಿ ಅಂತ ಷರಾ ಬರೆದುಬಿಡಬಹುದು.

ಆದರೆ 1981 ಬಂತು. ಜೊತೆಗಿದ್ದ ವಾದ್ಯತಂಡ ಚದುರಿತ್ತು. ‘ಕ್ಯೂರ್ಡ್’ ಆಲ್ಬಮ್‌ನ ಹಾಡುಗಳನ್ನೆಲ್ಲ ಹ್ಯಾಕೆಟ್ ತಾನೇ ಹಾಡಿದ, ಡ್ರಮ್ಮರ್ ಜಾಗದಲ್ಲಿ ಹೆಚ್ಚಿನ ಕಡೆ ಡ್ರಮ್ ಮಷೀನ್. ಅವನದು ಸೌಮ್ಯವಾದ, ತೆಳುವಾದ ದನಿ. ಒಂದು ಆಲ್ಬಮ್ಮಿನ ಭಾರ ಹೊರುವಷ್ಟು ತ್ರಾಣ ಅದಕ್ಕಿಲ್ಲ. ತಂಡದಲ್ಲಿದ್ದಿದ್ದರೆ ಯಾರಾದರೊಬ್ಬರು ಬೇಡ ಮಾರಾಯ ಅಂದಿರುತ್ತಿದ್ದರು. ಅವನನ್ನು ಉಸಿರುಗಟ್ಟಿಸಿದ ಆ ನಾಲ್ಕು ಜನರ ಜರಡಿಯೇ ಅವನ ಗಿಟಾರಿನ ಬೆಲೆಯನ್ನೂ ಹೆಚ್ಚಿಸಿತ್ತು ಎಂಬ ಮಾತು ಇಲ್ಲಿ ನಿಲ್ಲುತ್ತದೆ.

ಯೆಸ್ ತಂಡದ ಸ್ಟೀವ್ ಹೌ ಜೊತೆ ಸೇರಿ ಕಟ್ಟಿದ ಜಿಟಿಆರ್ ತಂಡದ ಆಲ್ಬಮ್ 1986ರಲ್ಲಿ ಬಂತು. ಅಮೆರಿಕದಲ್ಲಿ ಅದರ ಒಂದು ಹಾಡು 14ನೇ ಸ್ಥಾನಕ್ಕೆ ಹೋಯಿತು, ಆಲ್ಬಮ್ಮಿಗೆ ಗೋಲ್ಡ್ ಡಿಸ್ಕೂ ಸಿಕ್ಕಿತು. ಒಂದೇ ಆಲ್ಬಮ್, ಅಲ್ಲಿಗೆ ಮುಗಿಯಿತು. ಅದೇ ವರ್ಷ ಬಂದ ಜೆನೆಸಿಸ್‌ನ ‘ಇನ್‌ವಿಸಿಬಲ್ ಟಚ್’ನಿಂದ ಐದು ಹಾಡುಗಳು ಅಮೆರಿಕದ ಮೊದಲ ಐದು ಸ್ಥಾನಗಳೊಳಗೆ ಬಂದವು. ಮರುವರ್ಷ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಾಲ್ಕು ರಾತ್ರಿ ತುಂಬಿದ ಜನ. ದುಡ್ಡಿನ ಲೆಕ್ಕ ಹಿಡಿದರೆ ಹ್ಯಾಕೆಟ್ ಕಳೆದುಕೊಂಡದ್ದು ಸಣ್ಣ ಮೊತ್ತವಲ್ಲ. ಸಂಗೀತದ ಲೆಕ್ಕ ಬೇರೆ. ‘ಇನ್‌ವಿಸಿಬಲ್ ಟಚ್’ನಲ್ಲಿ ಹ್ಯಾಕೆಟ್‌ಗೆ ಮಾಡಲು ಏನು ಕೆಲಸವಿರುತ್ತಿತ್ತು? ಸಿಂಥಸೈಜರ್ ನಡುವೆ ಅಲ್ಲೊಂದು ಇಲ್ಲೊಂದು ಗೀರು. 1978ರಿಂದ ರದರ್‌ಫರ್ಡ್ ಸ್ಟುಡಿಯೊದಲ್ಲಿ ಗಿಟಾರನ್ನೂ ತಾನೇ ನುಡಿಸಿದ, ಪ್ರವಾಸಕ್ಕೆ ಡ್ಯಾರಿಲ್ ಸ್ಟರ್ಮರ್ ಎಂಬ ಅಮೆರಿಕದವನನ್ನು ಕರೆಸಿಕೊಂಡರು. ಆ ಸಂಗೀತಕ್ಕೆ ಅದು ಸಾಕಾಗಿತ್ತು.

ಈ ತಕರಾರಿನಲ್ಲಿ ಎರಡೂ ಪಂಗಡದವರು ಮರೆಯುವ ಒಂದು ಮುಖವಿದೆ, ಪಾಶ್ಚಾತ್ಯ ಶಾಸ್ತ್ರೀಯ ಶೈಲಿಯ ಗಿಟಾರ್. 1972ರಲ್ಲೇ ‘ಫಾಕ್ಸ್‌ಟ್ರಾಟ್’ನಲ್ಲಿ ‘ಸಪರ್ಸ್ ರೆಡಿ’ಗೆ ಮೊದಲು ‘ಹೊರೈಜನ್ಸ್’ ಎಂಬ ಒಂದೂವರೆ ನಿಮಿಷದ ಪುಟ್ಟ ರಚನೆ ಬರುತ್ತದೆ. ಬಾಖ್‌ನ ನೆರಳು ಬಿದ್ದ, ಒಂಟಿ ಗಿಟಾರಿನ ರಚನೆ. ತಂಡದಲ್ಲಿ ಅವನ ಈ ಮುಖಕ್ಕೆ ಸಿಕ್ಕಿದ್ದು ಸ್ವಲ್ಪವೇ ಜಾಗ. ಹೊರಬಂದ ಮೇಲೆ 1983ರಲ್ಲಿ ‘ಬೇ ಆಫ್ ಕಿಂಗ್ಸ್’, 1988ರಲ್ಲಿ ‘ಮೊಮೆಂಟಮ್’, 1997ರಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’. ಕೊಳಲು ನುಡಿಸುವ ತಮ್ಮ ಜಾನ್ ಜೊತೆ ಫ್ರೆಂಚ್ ಸಂಗೀತ ರಚನಕಾರ ಸಾತಿಯ ರಚನೆಗಳು. ಇವು ಯಾವುವೂ ಕ್ರೀಡಾಂಗಣ ತುಂಬಿಸುವಂಥವಲ್ಲ. ಆದರೆ ಜೆನೆಸಿಸ್‌ನಲ್ಲೇ ಉಳಿದಿದ್ದರೆ ಇವು ಹುಟ್ಟುತ್ತಲೇ ಇರಲಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬಿಟ್ಟದ್ದಕ್ಕೆ ಸಮರ್ಥನೆ ಬೇಕಿದ್ದರೆ ಅದು ಇಲ್ಲಿದೆ.

ಇನ್ನು ಹಳೆಯ ಹಾಡುಗಳ ವಿಚಾರ. 1996ರಲ್ಲಿ ‘ಜೆನೆಸಿಸ್ ರೀವಿಸಿಟೆಡ್’ ಬಂತು. 2012ರಲ್ಲಿ ಅದರ ಎರಡನೆಯ ಭಾಗ ಬಂದು, ಮರುವರ್ಷ ರಾಯಲ್ ಆಲ್ಬರ್ಟ್ ಹಾಲ್‌ವರೆಗೆ ಪ್ರವಾಸ ಹೋಯಿತು. ಮುಂದಿನ ವರ್ಷಗಳಲ್ಲಿ ಹೆಚ್ಚಾಗಿ ಒಂದೇ ಪದ್ಧತಿ: ಮೊದಲರ್ಧ ತನ್ನ ಹಾಡು, ನಡುವೆ ವಿರಾಮ, ಎರಡನೆಯ ಅರ್ಧ ಜೆನೆಸಿಸ್. ಮನೆಯಿಂದ ಪಾಲು ಬೇಡವೆಂದು ಎದ್ದು ಬಂದವನು ಮನೆತನದ ಹೆಸರಲ್ಲೇ ಅಂಗಡಿ ಇಟ್ಟ ಎಂದು ಆಡಿಕೊಳ್ಳುವವರು ಬೆರಳು ತೋರಿಸುವುದು ಈ ಎರಡನೆಯ ಅರ್ಧದ ಕಡೆಗೆ. ಸ್ವೀಡನ್ನಿನ ನ್ಯಾಡ್ ಸಿಲ್ವನ್ ಗೇಬ್ರಿಯಲ್‌ನ ಧಾಟಿಯನ್ನು ಹತ್ತಿರದಿಂದ ಅನುಸರಿಸಿ ಹಾಡುತ್ತಾನೆ. ಸ್ವರಕ್ಕೆ ಸ್ವರ ಹಳೆಯದನ್ನೇ ಒಪ್ಪಿಸುವುದಾದರೆ, ಜೆನೆಸಿಸ್ ಹಾಡುಗಳನ್ನಷ್ಟೇ ನುಡಿಸುವ ಕೆನಡಾದ ‘ದ ಮ್ಯೂಸಿಕಲ್ ಬಾಕ್ಸ್’ನಂಥ ಅನುಕರಣೆಯ ತಂಡಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂಬ ಪ್ರಶ್ನೆ ಅಷ್ಟು ಅನ್ಯಾಯದ್ದಲ್ಲ.

ವ್ಯತ್ಯಾಸ ‘ಫರ್ತ್ ಆಫ್ ಫಿಫ್ತ್’ನಲ್ಲಿದೆ. 1973ರ ಹಾಡು. ಅದರ ನಡುವಿನ ವಾದ್ಯಭಾಗದ ಧಾಟಿಯನ್ನು ಬರೆದವನು ಬ್ಯಾಂಕ್ಸ್, ಕೀಬೋರ್ಡ್ ಮುಂದೆ ಕೂತು. ಹಾಡಿನಲ್ಲಿ ಅದು ಮೊದಲು ಗೇಬ್ರಿಯಲ್‌ನ ಕೊಳಲಿನಲ್ಲಿ ಬರುತ್ತದೆ, ಇಂಪಾಗಿದೆ ಅನ್ನುವಷ್ಟರಲ್ಲಿ ದಾಟಿಹೋಗುತ್ತದೆ. ಆಮೇಲೆ ಹ್ಯಾಕೆಟ್ ಅದನ್ನೇ ಎಲೆಕ್ಟ್ರಿಕ್ ಗಿಟಾರಿನಲ್ಲಿ ಎತ್ತಿಕೊಳ್ಳುತ್ತಾನೆ. ಒಂದೊಂದು ಸ್ವರಕ್ಕೂ ನಮ್ಮ ವಿದ್ವಾಂಸರು ಕೊಡುವಂಥ ಕಾರ್ವೆ. ತಂತಿ ಮೀಟಿದ ಸದ್ದು ಕೇಳುವುದಿಲ್ಲ, ದನಿ ಎಲ್ಲಿಂದಲೋ ಊರಿಕೊಂಡು ಬಂದು ಉಬ್ಬುತ್ತದೆ. ಕೆಳಗೆ ಬ್ಯಾಂಕ್ಸ್‌ನ ಮೆಲೊಟ್ರಾನ್ ಎಂಬ ಕೀಬೋರ್ಡಿನ ಹಾಸು. ಹಾಡು ಕೇಳಿದವರು ನೆನಪಿಟ್ಟುಕೊಂಡದ್ದು ಕೊಳಲನ್ನಲ್ಲ, ಈ ಗಿಟಾರನ್ನು. ಇದು ಯಾರದು? ಕಾಗದದ ಮೇಲೆ ಐವರದು, ಹುಟ್ಟಿನಿಂದ ಬ್ಯಾಂಕ್ಸ್‌ನದು, ಕಿವಿಯಲ್ಲಿ ಹ್ಯಾಕೆಟ್‌ನದು. ಅದನ್ನು ನುಡಿಸುವ ಹಕ್ಕು ಅವನಿಗೆ ಯಾರೂ ಕೊಡಬೇಕಿಲ್ಲ. ಮೂವರ ಜೆನೆಸಿಸ್ ಕ್ರೀಡಾಂಗಣಗಳಿಗೆ ಹೋದ ಮೇಲೆ ಈ ಕಾಲದ ಹಾಡುಗಳು ಹೆಚ್ಚಾಗಿ ಮೆಡ್ಲಿಯ ತುಣುಕುಗಳಾಗಿ ಉಳಿದವು. 2022ರ ಮಾರ್ಚ್ 26ರಂದು ಲಂಡನ್ನಿನಲ್ಲಿ ಆ ತಂಡ ಕೊನೆಯ ಕಾರ್ಯಕ್ರಮ ಕೊಟ್ಟು ಅಂಗಳ ಗುಡಿಸಿತು. ಅದರ ಐವರಲ್ಲಿ ಈ ಹಾಡುಗಳನ್ನು ಪೂರ್ತಿಯಾಗಿ ಊರೂರು ತಿರುಗಿಸುತ್ತಿರುವವನು ಇವನೊಬ್ಬ.

ಹಾಗಂತ ಹ್ಯಾಕೆಟ್ ಪೂರ್ತಿ ನಿರ್ದೋಷಿಯಲ್ಲ. 2014ರಲ್ಲಿ ಬಿಬಿಸಿ ಐವರನ್ನೂ ಕೂರಿಸಿ ಜೆನೆಸಿಸ್ ಕುರಿತ ಸಾಕ್ಷ್ಯಚಿತ್ರ ತೋರಿಸಿತು. ಉಳಿದ ನಾಲ್ವರ ಸ್ವಂತ ಸಾಧನೆಯ ಮಾತಿತ್ತು, ಇವನದು ಇರಲಿಲ್ಲ. ಇವನು ಬಹಿರಂಗವಾಗಿಯೇ ಬೇಸರಪಟ್ಟ. ಬೇಸರ ನ್ಯಾಯವಾದದ್ದೇ, ಆ ಚಿತ್ರ ಮಾಡಿದ್ದು ಅಸಡ್ಡೆಯ ಕೆಲಸ. ಆದರೆ ಅದೇ ಹೊತ್ತಿಗೆ ಅವನ ಪೋಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದೂ ಜೆನೆಸಿಸ್ ಹೆಸರೇ. 2017ರ ‘ದ ನೈಟ್ ಸೈರನ್’ನಲ್ಲಿ ಇಸ್ರೇಲಿನ ಕೋಬಿ ಫರ್ಹಿ, ಪ್ಯಾಲೆಸ್ಟೀನ್ ಮೂಲದ ಮೀರಾ ಅವಾದ್ ಇಬ್ಬರನ್ನೂ ಒಂದೇ ಆಲ್ಬಮ್‌ಗೆ ತಂದವನು ಅವನು. ಎಪ್ಪತ್ತು ದಾಟಿದ ಮೇಲೂ ಹೊಸ ಆಲ್ಬಮ್ ತರುತ್ತಲೇ ಇದ್ದಾನೆ. 2024ರಲ್ಲೂ ‘ದ ಸರ್ಕಸ್ ಅಂಡ್ ದ ನೈಟ್‌ವೇಲ್’ ಬಂತು. ಇಷ್ಟೆಲ್ಲ ಮಾಡಿ ಅದನ್ನು ವಿರಾಮದ ಮುಂಚಿನ ಅರ್ಧಕ್ಕೆ ಇಟ್ಟುಕೊಂಡರೆ ಜನ ಅದನ್ನು ಮುಖ್ಯ ಅಡುಗೆ ಎಂದು ಹೇಗೆ ತಿಳಿದಾರು?

ನನ್ನ ತೀರ್ಪು ಇಷ್ಟು: 1977ರಲ್ಲಿ ಅವನು ಎದ್ದು ಹೋದದ್ದು ಸರಿ, ಎಂಬತ್ತರ ದಶಕದಲ್ಲಿ ಅವನಿಗೆ ಬೇಡ ಅನ್ನುವವರು ಇಲ್ಲದೇ ಹೋದದ್ದು ನಷ್ಟ, ಈಗ ಹಳೆಯದನ್ನು ನುಡಿಸುವುದು ಅವನ ಹಕ್ಕು, ಆದರೆ ಪ್ರಮಾಣ ಹೆಚ್ಚಾಗಿದೆ. ಅವನನ್ನು ಈವರೆಗೆ ಕೇಳದವರು ಮೊದಲು ‘ಸ್ಪೆಕ್ಟ್ರಲ್ ಮಾರ್ನಿಂಗ್ಸ್’ ಕೇಳಿ, ಆಮೇಲೆ ‘ಬೇ ಆಫ್ ಕಿಂಗ್ಸ್’, ಅದಾದ ಮೇಲೆ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್’. ‘ಕ್ಯೂರ್ಡ್’ ಬಿಟ್ಟರೂ ನಡೆಯುತ್ತದೆ.