ಕಾಯುವುದು ಬೇರೆ, ಅಲೆಯುವುದು ಬೇರೆ
ಬೊರಿವಲಿಯ ರೋಗಿಯೂ ಮುಂಬಯಿಯ ತುರ್ತು ಚಿಕಿತ್ಸೆಯೂ

ಮಳೆಗಾಲವು ಕಾಲಿಟ್ಟಿತೆಂದರೆ ಮುಂಬಯಿಯ ಉತ್ತರದ ಉಪನಗರಗಳಲ್ಲಿ ಜ್ವರದ ಹಾವಳಿಯೂ ತೊಡಗುತ್ತದೆ. ಮಲೇರಿಯಾ, ಡೆಂಗಿ, ಇಲಿಜ್ವರ ಈ ಮೂರೂ ಬೊರಿವಲಿ, ದಹಿಸರ, ಕಾಂದಿವಲಿಗಳ ಮನೆಮನೆಗೂ ಪರಿಚಿತವಾದ ಹೆಸರುಗಳು. ಊರಿನಿಂದ ಬಂದು ಹೋಟೇಲಿನಲ್ಲಿ ದುಡಿಯುವ ತಮ್ಮನೋ, ಸೋದರಳಿಯನೋ, ಕಾಲೇಜಿಗೆ ಹೋಗುವ ಮಗಳೋ ನಾಲ್ಕು ದಿನ ಜ್ವರದಿಂದ ನರಳಿ ಐದನೆಯ ದಿನ ಏಕಾಏಕಿ ಕುಸಿದುಬಿದ್ದಾಗ, ಮನೆಯವರು ರಿಕ್ಷಾ ಹಿಡಿದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಧಾವಿಸುತ್ತಾರೆ. ಗಂಟೆಗಟ್ಟಲೆ ಕಾಯಿಸಿದರು, ಕೊನೆಗೆ ಬೇರೆ ಕಡೆಗೆ ಒಯ್ಯಿರೆಂದರು ಎಂಬ ದೂರು ನಮ್ಮ ಜನರ ಬಾಯಲ್ಲಿ ಸರ್ವಸಾಮಾನ್ಯವಾಗಿದೆ. ಈ ದೂರಿನಲ್ಲಿ ನ್ಯಾಯವೆಷ್ಟು, ದೋಷವು ಎಲ್ಲಿದೆ, ಅದಕ್ಕೆ ಪರಿಹಾರವೇನು ಎಂಬುದನ್ನು ಶಾಂತಚಿತ್ತದಿಂದ ವಿವೇಚಿಸುವುದು ಅಗತ್ಯ.

ಮೊದಲಾಗಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ತುರ್ತು ವಿಭಾಗದಲ್ಲಿ ಕಾಯುವುದೆಲ್ಲವೂ ಅನ್ಯಾಯವಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ಮೊದಲು ಬಂದವನಿಗೆ ಮೊದಲು ದೊರೆಯುವುದು ಧರ್ಮ, ಇಲ್ಲಿ ಹಾಗಲ್ಲ. ಇಲ್ಲಿ ಹೆಚ್ಚು ಅಪಾಯದಲ್ಲಿರುವವನಿಗೆ ಮೊದಲ ಸ್ಥಾನ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯನಾಗಿದ್ದ ಲಾರೆಯು ಗಾಯಾಳುಗಳನ್ನು ಪದವಿಯನ್ನು ನೋಡದೆ ಗಾಯದ ಉಗ್ರತೆಯನ್ನು ನೋಡಿ ವಿಂಗಡಿಸುವ ಪದ್ಧತಿಯನ್ನು ಬಳಕೆಗೆ ತಂದನು. ಇಂದು ಜಗತ್ತಿನಾದ್ಯಂತ ಆಸ್ಪತ್ರೆಗಳು ಅನುಸರಿಸುವುದು ಆ ತತ್ತ್ವವನ್ನೇ. ರೈಲಿನಿಂದ ಬಿದ್ದು ರಕ್ತಸ್ರಾವದಲ್ಲಿರುವವನು ನಮ್ಮ ಹುಡುಗನಿಗಿಂತ ಹಿಂದೆ ಬಂದರೂ ಮುಂದೆ ಹೋಗುವುದು ನ್ಯಾಯವೇ ಆಗಿದೆ.

ಆದರೆ ಈ ವಿಂಗಡಣೆಗೂ ಒಂದು ಮಿತಿಯುಂಟು. ಎಳೆಯ ಪ್ರಾಯದ ರೋಗಿಯ ವಿಷಯದಲ್ಲಿ ಅದು ಬಹಳ ಮುಖ್ಯವಾದದ್ದು. ತರುಣ ದೇಹವು ರೋಗವನ್ನು ಕೊನೆಯ ಗಳಿಗೆಯವರೆಗೂ ಮರೆಮಾಚಬಲ್ಲದು. ದೇಹದೊಳಗೆ ದ್ರವಾಂಶವು ಕುಗ್ಗುತ್ತಿದ್ದರೂ ನಾಡಿಯು ವೇಗವಾಗಿ ಬಡಿದು ರಕ್ತದೊತ್ತಡವನ್ನು ಹಿಡಿದು ನಿಲ್ಲಿಸುತ್ತದೆ, ಕೈಕಾಲು ತಣ್ಣಗಾಗುತ್ತವೆ. ರಕ್ತದೊತ್ತಡವು ಕುಸಿಯುವ ಹೊತ್ತಿಗೆ ಕಾಲವು ಮೀರುತ್ತಾ ಬಂದಿರುತ್ತದೆ. ಡೆಂಗಿಯಲ್ಲಂತೂ ಅಪಾಯವು ಆರಂಭವಾಗುವುದೇ ಮೂರರಿಂದ ಏಳನೆಯ ದಿನದೊಳಗೆ, ಜ್ವರವು ಇಳಿಯುವ ಸಮಯದಲ್ಲಿ. ಜ್ವರ ಬಿಟ್ಟಿತೆಂದು ಮನೆಯವರು ನಿಟ್ಟುಸಿರು ಬಿಡುವ ವೇಳೆಯೇ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ತೂಕಡಿಕೆ ಮೊದಲಾದ ಸೂಚನೆಗಳು ತೋರತೊಡಗುತ್ತವೆ. ಇಲಿಜ್ವರದಲ್ಲಿ ಕಣ್ಣು ಹಳದಿಯಾಗುವುದು, ಮೂತ್ರವು ಕಡಿಮೆಯಾಗುವುದು ಕೆಟ್ಟ ಲಕ್ಷಣಗಳು. ನೀರು ನಿಂತ ಮೋರಿಯಲ್ಲಿ ಬರಿಗಾಲಿನಿಂದ ಪಾತ್ರೆ ತೊಳೆಯುವ ಹುಡುಗರು ಈ ರೋಗಕ್ಕೆ ಬೇಗನೆ ತುತ್ತಾಗುವರೆಂಬುದನ್ನು ಹೋಟೇಲು ಕಾರ್ಮಿಕರಿಗೆ ಹೇಳಬೇಕಾಗಿಲ್ಲ. ಆದುದರಿಂದ ಜ್ವರವೆಂದು ಮಾತ್ರ ಹೇಳಿ ಬೆಂಚಿನ ಮೇಲೆ ಕುಳಿತುಕೊಳ್ಳದೆ, ಎಷ್ಟನೆಯ ದಿನ, ಮೂತ್ರ ಯಾವಾಗ ಹೋಯಿತು, ಏನೇನು ಹೊಸದಾಗಿ ಕಾಣಿಸಿತು ಎಂಬುದನ್ನು ದಾದಿಗೆ ತಿಳಿಸಬೇಕು. ಕಾಯುತ್ತಿರುವಾಗ ಸ್ಥಿತಿಯು ಬದಲಾದರೆ ಮತ್ತೊಮ್ಮೆ ನೋಡಿರೆಂದು ಕೇಳಬೇಕು. ಇದು ಸಾಲನ್ನು ಮುರಿಯುವುದಲ್ಲ. ಸಾಲು ಸರಿಯಾಗಿ ನಡೆಯಲು ಬೇಕಾದ ಸಂಗತಿಯನ್ನು ಒದಗಿಸುವುದು.

ನಿಜವಾದ ಅನ್ಯಾಯವು ಬೇರೊಂದೆಡೆ ಇದೆ. ಹಾಸಿಗೆ ಖಾಲಿಯಿಲ್ಲ, ಯಂತ್ರವಿಲ್ಲ, ತಜ್ಞರಿಲ್ಲ ಎಂದು ರೋಗಿಯನ್ನು ಒಂದು ಬಾಗಿಲಿನಿಂದ ಮತ್ತೊಂದು ಬಾಗಿಲಿಗೆ ಅಟ್ಟುವುದೇ ಅದು. ಕಾಯುವ ರೋಗಿಯು ಕಡೆಯ ಪಕ್ಷ ವೈದ್ಯರ ಕಣ್ಣೆದುರಿಗೆ ಇರುತ್ತಾನೆ. ಅಲೆಯುವ ರೋಗಿಯು ಯಾರ ಕಣ್ಣೆದುರಿಗೂ ಇರುವುದಿಲ್ಲ. ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಅವನ ಕಾಯುವಿಕೆ ಮೊದಲಿನಿಂದ ಆರಂಭವಾಗುತ್ತದೆ.

ಈ ಅಲೆದಾಟಕ್ಕೆ ಮುಂಬಯಿಯ ಬೆಳವಣಿಗೆಯ ಇತಿಹಾಸವೇ ಒಂದು ದೊಡ್ಡ ಕಾರಣವಾಗಿದೆ. ಗ್ರಾಂಟ್ ವೈದ್ಯಕೀಯ ಕಾಲೇಜಿಗೆ ಹೊಂದಿಕೊಂಡ ಜೆ.ಜೆ. ಆಸ್ಪತ್ರೆಯು ಹತ್ತೊಂಬತ್ತನೆಯ ಶತಮಾನದ್ದು; ನಾಯರ್ ಆಸ್ಪತ್ರೆ 1921ರದು, ಪರೇಲಿನ ಕೆ.ಇ.ಎಂ. 1926ರದು, ಸಾಯನ್ ಆಸ್ಪತ್ರೆ 1947ರದು. ಇವೆಲ್ಲವೂ ಹಳೆಯ ದ್ವೀಪನಗರದೊಳಗೇ ಇವೆ. ಚರ್ಚ್‌ಗೇಟಿನಿಂದ ಸುಮಾರು 34 ಕಿ.ಮೀ. ದೂರದ ಬೊರಿವಲಿಯು ಬೃಹನ್ಮುಂಬಯಿಗೆ ಸೇರಿದ್ದೇ 1957ರಲ್ಲಿ. ಅಲ್ಲಿಂದೀಚೆಗೆ ಜನವಸತಿಯು ಉತ್ತರಕ್ಕೆ ಹರಿಯಿತು. 2011ರ ಜನಗಣತಿಯಂತೆ ನಗರದ ಸುಮಾರು 1 ಕೋಟಿ 24 ಲಕ್ಷ ಜನರಲ್ಲಿ 93 ಲಕ್ಷಕ್ಕೂ ಮಿಕ್ಕಿದವರು ಉಪನಗರ ಜಿಲ್ಲೆಯಲ್ಲಿದ್ದರು. ಜನರು ಉತ್ತರಕ್ಕೆ ಹೋದರು. ದೊಡ್ಡ ಆಸ್ಪತ್ರೆಗಳು ದಕ್ಷಿಣದಲ್ಲಿಯೇ ಉಳಿದವು. ಜುಹೂವಿನ ಕೂಪರ್ ಆಸ್ಪತ್ರೆಗೆ ವೈದ್ಯಕೀಯ ಕಾಲೇಜು ಸೇರಿದುದು 2015ರಲ್ಲಿ ಎಂಬುದನ್ನು ನೋಡಿದರೆ ಪಶ್ಚಿಮ ಉಪನಗರಗಳು ಎಷ್ಟು ಕಾಲ ಕಾಯಬೇಕಾಯಿತೆಂಬುದು ತಿಳಿಯುತ್ತದೆ.

ಬೊರಿವಲಿಯದೇ ಆದ ಭಗವತಿ ಆಸ್ಪತ್ರೆಯ ಹಳೆಯ ಕಟ್ಟಡವು ಕೆಡವಲ್ಪಟ್ಟು ಪುನರ್ನಿರ್ಮಾಣದ ಕಾರ್ಯವು ವರ್ಷಾನುಗಟ್ಟಲೆ ಎಳೆದುದನ್ನು ಅಲ್ಲಿಯ ನಿವಾಸಿಗಳು ಬಲ್ಲರು. ಆ ಭಾರವೆಲ್ಲ ಕಾಂದಿವಲಿಯ ಶತಾಬ್ದಿ ಆಸ್ಪತ್ರೆಯ ಮೇಲೆ ಬಿದ್ದಿತು. ಅತ್ತ ಮೀರಾರೋಡ್, ಭಾಯಂದರ್, ವಸಾಯಿ, ವಿರಾರ್‌ಗಳಿಂದಲೂ ಕಷ್ಟದ ರೋಗಿಗಳು ದಕ್ಷಿಣಕ್ಕೇ ಮುಖಮಾಡುತ್ತಾರೆ. ಭಾಯಂದರದ ಸಾರ್ವಜನಿಕ ಆಸ್ಪತ್ರೆಗೆ ನಮ್ಮ ಗದಗಿನ ಪಂಡಿತ ಭೀಮಸೇನ ಜೋಶಿಯವರ ಹೆಸರಿರುವುದು ನಮಗೆ ಅಭಿಮಾನದ ಸಂಗತಿ. ಆದರೆ ಮೆದುಳಿನ ಪೆಟ್ಟಿಗೋ ಕೃತಕ ಉಸಿರಾಟಕ್ಕೋ ಅಲ್ಲಿಂದಲೂ ಜನರು ಹೆದ್ದಾರಿಯನ್ನು ಹಿಡಿಯಬೇಕಾಗಿ ಬರುತ್ತದೆ. ಉಡುಪಿಯ ಕಡೆಯವನಿಗೆ ಕಷ್ಟಕಾಲದಲ್ಲಿ ಮಣಿಪಾಲವೆಂಬ ಒಂದೇ ಹೆಸರು ನೆನಪಿಗೆ ಬರುತ್ತದೆ. ಬೊರಿವಲಿಯಲ್ಲಿ ಅವನಿಗೆ ಹತ್ತು ಹೆಸರುಗಳು ನೆನಪಿಗೆ ಬಂದರೂ ಹಾಸಿಗೆ ಇರುವುದು ಎಲ್ಲಿ ಎಂಬುದು ತಿಳಿಯದು.

ಈ ವಿಷಯದಲ್ಲಿ ದೇಶದ ಕಾನೂನು ಮೌನವಾಗಿಲ್ಲ. ಅಪಘಾತಕ್ಕೀಡಾದ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆಯು ಸೇರಿಸಿಕೊಳ್ಳದೆ ದೂರದ ಆಸ್ಪತ್ರೆಗೆ ಕಳುಹಿಸಿದುದರಿಂದ ಅವನು ದಾರಿಯಲ್ಲಿಯೇ ಅಸುನೀಗಿದನೆಂಬ ವರದಿಯ ಮೇಲೆ ಹೂಡಿದ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ, ಜೀವವನ್ನು ಉಳಿಸುವುದು ಸರಕಾರಿಯಿರಲಿ ಖಾಸಗಿಯಿರಲಿ ಪ್ರತಿಯೊಬ್ಬ ವೈದ್ಯನ ಮೊದಲ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಸಾರಿತು. 1992ರ ಜುಲೈ ತಿಂಗಳಲ್ಲಿ ಬಂಗಾಳದ ಕೃಷಿ ಕೂಲಿಕಾರನೊಬ್ಬನು ರೈಲಿನಿಂದ ಬಿದ್ದು ತಲೆಗೆ ಪೆಟ್ಟು ತಗುಲಿದಾಗ, ಕಲಕತ್ತೆಯ ಒಂದರ ಮೇಲೊಂದು ಸರಕಾರಿ ಆಸ್ಪತ್ರೆಯು ಅವನನ್ನು ಹಿಂದಿರುಗಿಸಿತು. ಕಡೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ವೆಚ್ಚಮಾಡಿ ಅವನು ಬದುಕಿದನು. 1996ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸಂವಿಧಾನದ 21ನೆಯ ವಿಧಿಯು ಕೊಟ್ಟ ಜೀವಿಸುವ ಹಕ್ಕಿನ ಭಂಗವೆಂದು ತೀರ್ಮಾನಿಸಿ 25,000 ರೂಪಾಯಿ ಪರಿಹಾರವನ್ನು ವಿಧಿಸಿತು. ಹಣದ ಕೊರತೆಯು ಸರಕಾರಕ್ಕೆ ನೆಪವಾಗಲಾರದೆಂದಿತು. ಎಲ್ಲಿ ಹಾಸಿಗೆ ಖಾಲಿಯಿದೆಯೆಂದು ತಿಳಿದು ರೋಗಿಯನ್ನು ನೇರವಾಗಿ ಅಲ್ಲಿಗೇ ಕಳುಹಿಸುವಂತಹ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆಯು ಇರತಕ್ಕದ್ದೆಂದೂ ಹೇಳಿತು.

ಇಂತಹ ವ್ಯವಸ್ಥೆಯು ಮುಂಬಯಿಯಂತಹ ಮಹಾನಗರದಲ್ಲಿ ಅಸಾಧ್ಯವೆಂದು ಹೇಳುವವರಿಗೆ ಇತ್ತೀಚಿನ ಅನುಭವವೇ ಉತ್ತರವಾಗಿದೆ. 2020ರಲ್ಲಿ ಕೊರೋನಾ ಮಹಾಮಾರಿಯು ನಗರವನ್ನು ಮುತ್ತಿದಾಗ ಮಹಾನಗರಪಾಲಿಕೆಯು ತನ್ನ 24 ವಾರ್ಡುಗಳಲ್ಲಿಯೂ ನಿಯಂತ್ರಣ ಕೊಠಡಿಗಳನ್ನು ತೆರೆದು, ಹಾಸಿಗೆ ಎಲ್ಲಿದೆಯೆಂಬುದನ್ನು ನೋಡಿ ರೋಗಿಗಳನ್ನು ಅಲ್ಲಿಗೆ ಕಳುಹಿಸುವ ಏರ್ಪಾಡನ್ನು ಕೆಲವೇ ವಾರಗಳಲ್ಲಿ ಮಾಡಿತು. ಬೊರಿವಲಿಯ ಆರ್-ಮಧ್ಯ ವಾರ್ಡಿನಲ್ಲಿಯೂ ಅದು ನಡೆಯಿತು. ಅದು ಲೋಪವಿಲ್ಲದ ಏರ್ಪಾಡಾಗಿತ್ತೆಂದು ನಾವು ಹೇಳುವುದಿಲ್ಲ. ಆದರೆ ಹಾಸಿಗೆಯನ್ನು ಹುಡುಕುವ ಹೊಣೆಯು ಕಂಗೆಟ್ಟ ಬಂಧುವಿನದಲ್ಲ, ಆಡಳಿತದ್ದು ಎಂಬ ತತ್ತ್ವವನ್ನು ಅದು ಒಪ್ಪಿಕೊಂಡಿತ್ತು. ಮಹಾಮಾರಿಗೆ ಸಾಧ್ಯವಾದುದು ಪ್ರತಿವರ್ಷದ ಮಳೆಗಾಲದ ಜ್ವರಕ್ಕೆ ಏಕೆ ಸಾಧ್ಯವಾಗಬಾರದು?

ನಮ್ಮಂತಹ ವಲಸೆಗಾರರಿಗೆ ಇನ್ನೊಂದು ತೊಡಕುಂಟು, ಅದು ಕಾಗದಪತ್ರಗಳದು. ಹುಡುಗನು ದುಡಿಯುವುದು ಬೊರಿವಲಿಯಲ್ಲಿ. ಅವನ ರೇಷನ್ ಕಾರ್ಡು ಕುಂದಾಪುರದಲ್ಲೋ ಕಾರ್ಕಳದಲ್ಲೋ ಇರುತ್ತದೆ. ಧರ್ಮಾರ್ಥ ಸಂಸ್ಥೆಗಳು ನಡೆಸುವ ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿಯೂ ಇನ್ನು 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿಯೂ ಮೀಸಲಿಡಬೇಕೆಂಬ ಯೋಜನೆಗೆ ಮುಂಬಯಿ ಉಚ್ಚ ನ್ಯಾಯಾಲಯವು 2006ರಲ್ಲಿ ಒಪ್ಪಿಗೆಯಿತ್ತಿದೆ. ಈ ರಿಯಾಯಿತಿಗೆ ಆದಾಯದ ದಾಖಲೆ ಬೇಕು. ಆದರೆ ತುರ್ತು ಸ್ಥಿತಿಯಲ್ಲಿ ಅಂತಹ ಆಸ್ಪತ್ರೆಯು ಠೇವಣಿಯನ್ನು ಕೇಳದೆ ರೋಗಿಯನ್ನು ಕೂಡಲೇ ಸೇರಿಸಿಕೊಂಡು, ಅವನ ಸ್ಥಿತಿಯು ಸ್ಥಿರವಾಗುವವರೆಗೆ ಚಿಕಿತ್ಸೆ ನೀಡತಕ್ಕದ್ದೆಂದು ಅದೇ ಯೋಜನೆಯು ಹೇಳುತ್ತದೆ. ಈ ಮಾತನ್ನು ತಿಳಿಯದೆ ಕೌಂಟರಿನ ಮುಂದೆ ಹಣಕ್ಕಾಗಿ ಫೋನುಮಾಡುತ್ತಾ ನಿಲ್ಲುವವರು ಎಷ್ಟೋ ಮಂದಿ.

1948ರ ಕಾಯಿದೆಯಿಂದ ಹುಟ್ಟಿದ ನೌಕರರ ರಾಜ್ಯ ವಿಮಾ ಯೋಜನೆಯೂ ಇದೆ. ಕಾಂದಿವಲಿಯಲ್ಲಿ ಅದರ ಆಸ್ಪತ್ರೆಯೂ ಇದೆ. 2017ರಲ್ಲಿ ಅದರ ವೇತನದ ಮಿತಿಯು ತಿಂಗಳಿಗೆ 21,000 ರೂಪಾಯಿಗೆ ಏರಿತು. 2019ರಲ್ಲಿ ನೌಕರನ ವಂತಿಗೆಯು ಸಂಬಳದ ನೂರಕ್ಕೆ ಮುಕ್ಕಾಲು ಪಾಲಿಗೆ ಇಳಿಯಿತು, ಮಾಲಿಕನದು ನೂರಕ್ಕೆ 3.25 ಆಯಿತು. ಆದರೆ ತಮ್ಮನೂ ಸೋದರಳಿಯನೂ ಸಾಮಾನ್ಯವಾಗಿ ಅಣ್ಣನ ಅಥವಾ ಮಾವನ ವಿಮೆಯೊಳಗೆ ಬರುವುದಿಲ್ಲ. ಅವರ ಹೆಸರು ಅವರವರ ಹೋಟೇಲಿನ ಪಟ್ಟಿಯಲ್ಲಿಯೇ ಇರಬೇಕು. ಹುಡುಗನನ್ನು ಹೆಸರಿಲ್ಲದೆ ದುಡಿಸುವ ಮಾಲಿಕನು ಉಳಿಸುವುದು ಕೆಲವು ನೂರು ರೂಪಾಯಿ. ಹುಡುಗನು ಕಳೆದುಕೊಳ್ಳುವುದು ಆಸ್ಪತ್ರೆಯ ಬಾಗಿಲನ್ನು. ನಮ್ಮ ಮಾಲಿಕರಲ್ಲಿ ಹೆಚ್ಚಿನವರು ಹಿಂದೆ ಇಂತಹ ಹುಡುಗರೇ ಆಗಿದ್ದವರಾದುದರಿಂದ ಇದನ್ನು ಅವರಿಗೆ ಒತ್ತಿ ಹೇಳುವುದು ತಪ್ಪಾಗಲಾರದು.

ಶ್ರೀಮಂತ ದೇಶಗಳಲ್ಲಿಯೂ ಈ ಸಮಸ್ಯೆಯಿಲ್ಲವೆಂದಲ್ಲ. ಇಂಗ್ಲೆಂಡಿನಲ್ಲಿ ತುರ್ತು ವಿಭಾಗಕ್ಕೆ ಬಂದ ನೂರರಲ್ಲಿ 95 ಮಂದಿಗೆ ನಾಲ್ಕು ಗಂಟೆಗಳೊಳಗೆ ವ್ಯವಸ್ಥೆಯಾಗಬೇಕೆಂದು ನಿಯಮವಿದ್ದರೂ 2015ರ ಜುಲೈಯಿಂದೀಚೆಗೆ ಅದು ಈಡೇರಿಲ್ಲ. ಆದರೆ ಅಲ್ಲಿ ಕಾಯುವ ಅವಧಿಯನ್ನು ಅಳೆಯುತ್ತಾರೆ, ತಿಂಗಳು ತಿಂಗಳೂ ಪ್ರಕಟಿಸುತ್ತಾರೆ. ಸೋತ ಸರಕಾರವು ಸೋತೆನೆಂದು ಅಂಕಿಗಳಲ್ಲಿಯೇ ಹೇಳಬೇಕಾಗುತ್ತದೆ. ನಮ್ಮಲ್ಲಿಯೂ ತುರ್ತು ವಿಭಾಗಕ್ಕೆ ಎಷ್ಟು ಜನರು ಬಂದರು, ಎಷ್ಟು ಹೊತ್ತು ಕಾದರು, ಎಷ್ಟು ಮಂದಿಯನ್ನು ಬೇರೆಡೆಗೆ ಕಳುಹಿಸಲಾಯಿತು ಎಂಬ ಲೆಕ್ಕವು ಪ್ರತಿಯೊಂದು ಆಸ್ಪತ್ರೆಯ ಗೋಡೆಯ ಮೇಲೆ ಬರಲಿ. ಅಳೆಯದ ಕೊರತೆಯನ್ನು ಯಾವ ಆಡಳಿತವೂ ತುಂಬಿಕೊಟ್ಟುದಿಲ್ಲ.

ಅಲ್ಲಿಯವರೆಗೆ ನಾವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. 2014ರಲ್ಲಿ ಮಹಾರಾಷ್ಟ್ರದಲ್ಲಿ ಆರಂಭವಾದ 108ರ ಆಂಬ್ಯುಲೆನ್ಸ್ ಸೇವೆಯು ಉಚಿತವಾದದ್ದು. ಬೇರೆ ಆಸ್ಪತ್ರೆಗೆ ಒಯ್ಯಿರೆಂದಾಗ ಮೂರು ಸಂಗತಿಗಳನ್ನು ಕೇಳಿ ಪಡೆಯಬೇಕು: ಇಲ್ಲಿ ಕೊಡಬಹುದಾದ ಪ್ರಥಮ ಚಿಕಿತ್ಸೆ, ಕಾರಣವನ್ನೂ ಸಮಯವನ್ನೂ ಬರೆದ ಚೀಟಿ, ಮುಂದಿನ ಆಸ್ಪತ್ರೆಯಲ್ಲಿ ಹಾಸಿಗೆ ಇದೆಯೆಂಬ ಖಾತ್ರಿ. ಕೈ ಮಾಡುವುದರಿಂದ, ದಾದಿಯನ್ನೋ ಎಳೆಯ ವೈದ್ಯನನ್ನೋ ನಿಂದಿಸುವುದರಿಂದ ಹಾಸಿಗೆಯು ಹುಟ್ಟುವುದಿಲ್ಲ. ರಾತ್ರಿಯಿಡೀ ನಿಂತು ದುಡಿಯುವ ಅವರೂ ನಮ್ಮಂತೆಯೇ ಕೂಲಿಯವರು.

ಹೋಟೇಲು ಹುಡುಗರಿಗೆ ಅಕ್ಷರ ಕಲಿಸುವುದಕ್ಕಾಗಿ ಮುಂಬಯಿಯಲ್ಲಿ ರಾತ್ರಿ ಶಾಲೆಗಳನ್ನು ಕಟ್ಟಿದ ಸಮಾಜವು ನಮ್ಮದು. ಬೊರಿವಲಿಯಿಂದ ವಿರಾರದವರೆಗಿನ ನಮ್ಮ ಸಂಘಸಂಸ್ಥೆಗಳು ಒಟ್ಟುಗೂಡಿ, ಮರಾಠಿ ಬಲ್ಲ, ಕಾನೂನು ತಿಳಿದ, ರಾತ್ರಿ ಕರೆದರೂ ಬರುವ ನಾಲ್ಕು ಮಂದಿಯ ಒಂದೊಂದು ಪಡೆಯನ್ನು ಪ್ರತಿಯೊಂದು ಉಪನಗರದಲ್ಲಿಯೂ ಸಿದ್ಧಪಡಿಸಿದರೆ ಅದು ವಾರ್ಷಿಕೋತ್ಸವದ ಸನ್ಮಾನಗಳಿಗಿಂತ ಹೆಚ್ಚಿನ ಸೇವೆಯಾದೀತು. ನಗರಸೇವಕರ ಮುಂದೆ ನಾವು ಇಡಬೇಕಾದ ಬೇಡಿಕೆಯೂ ಒಂದೇ. ಬೊರಿವಲಿಯ ರೋಗಿಯು ಕಾಯಬೇಕಾದರೆ ಕಾಯಲಿ. ಆದರೆ ವೈದ್ಯರ ಕಣ್ಣೆದುರಿಗೆ ಕಾಯಲಿ, ಹೆದ್ದಾರಿಯ ಮೇಲೆ ಅಲ್ಲ.