ಪದ ಕಟ್ಟಿದವಳ ಹೆಸರು ಬರೆಯಿರಿ

ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಅದನ್ನು ಬರೆದ ಲಿಪಿಕಾರ ಚಪಡ ಕೊನೆಗೆ ತನ್ನ ಹೆಸರನ್ನೂ ಬರೆದುಕೊಂಡ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಪತ್ತೆಹಚ್ಚಿದರು. ಅರಸನ ಮಾತು ಬರೆದವನಿಗೆ ಎರಡು ಸಾವಿರ ವರ್ಷ ದಾಟಿಯೂ ಹೆಸರುಂಟು. ಅದೇ ಬೆಟ್ಟದ ಕೆಳಗೆ ರಾಗಿ ಬೀಸುತ್ತ, ಸೋಬಾನೆಗೆ ಸೊಲ್ಲು ಕೂಡಿಸುತ್ತ ಪದ ಕಟ್ಟಿದ ನಮ್ಮ ಅವ್ವಂದಿರ ಹೆಸರೇನು? ವಿದ್ವಾಂಸರೇ, ‘ಜನಪದ’ ಎಂದು ಬರೆದು ಕೈ ತೊಳೆದುಕೊಂಡಿರಿ!

ಬಿ.ಜಿ. ಕೆರೆಯ ನೆಂಟರ ಮನೆಗೆ ಬೆಂಗಳೂರಿನಿಂದ ಮೊಮ್ಮಗಳು ಬಂದಿದ್ದಳು. ಪಿಯಾನೋ ಕಲಿಯುತ್ತಾಳೆ, ಲಂಡನ್ನಿನ ಗ್ರೇಡ್ ಪರೀಕ್ಷೆಗೆ. ಕೀಬೋರ್ಡ್ ಮೇಲೆ ಬಾಕ್, ಬೀಥೋವನ್ ನುಡಿಸಿದಳು. ರಾತ್ರಿಯಿಡೀ ಹಾಡಿದರೂ ಮುಗಿಯದಷ್ಟು ಪದ ಬಲ್ಲ ಅಜ್ಜಿ ‘ಚೆನ್ನಾಗೈತೆ ಕಣವ್ವ’ ಎಂದು ಸುಮ್ಮನಾದಳು. ಆ ಸುಮ್ಮನಾಗುವಿಕೆ ನನ್ನನ್ನು ಸುಡುತ್ತಿದೆ.

ಹಂಗೆರಿಯ ಸಂಗೀತ ರಚನಕಾರ ಬೇಲಾ ಬಾರ್ಟೋಕ್ ಫೋನೋಗ್ರಾಫ್ ಹೊತ್ತು ಹಳ್ಳಿ ಹಳ್ಳಿ ಅಲೆದ. ರೈತರ ಹಾಡನ್ನು ಮೇಣದ ಉರುಳೆಯಲ್ಲಿ ಹಿಡಿದು, ಸ್ವರ ಸ್ವರ ಬರೆದು, ಅಂಥ ಧಾಟಿಗಳಿಂದ ಪಿಯಾನೋ ಕಲಿಯುವ ಮಕ್ಕಳಿಗೆ 85 ಪುಟ್ಟ ಕೃತಿ ಮಾಡಿಕೊಟ್ಟ. ಹಂಗೆರಿಯ ಹಳ್ಳಿಯ ಹಾಡು ಮಕ್ಕಳ ಬೆರಳಿಗೆ ಬಂತು. ನಮ್ಮ ಪಕ್ಕದ ಚಳ್ಳಕೆರೆಯ ಹಟ್ಟಿಯ ಹಾಡು ಯಾಕೆ ಬರಲಿಲ್ಲ?

ಅದೇ ಚಳ್ಳಕೆರೆ ಸೀಮೆಯ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಸಾವಿರಾರು ಪದ ಬರುತ್ತಿದ್ದವು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಎದುರು ಕೂತು ಕೇಳಿಸಿಕೊಂಡರು. ಆಕೆಯ ಹೆಸರು ಉಳಿಯಿತು. ಕೇಳುವವರೇ ಬಾರದ ಹಟ್ಟಿಗಳಲ್ಲಿ ಪದಗಳು ಮಣ್ಣಿಗೆ ಹೋದವು. ನಮ್ಮ ಸಂಕಲನಗಳಾದರೂ ಬಹುಪಾಲು ಪದವನ್ನಷ್ಟೇ ಅಚ್ಚು ಹಾಕಿ ಧಾಟಿಯನ್ನು ಬಿಟ್ಟವು. ಹಾಡನ್ನು ಕವಿತೆ ಮಾಡಿ ವಿಮರ್ಶೆ ಬರೆದು ಪದವಿ ಪಡೆದಿರಿ, ಅದನ್ನು ಹಾಡುವ ಬಗೆಯನ್ನು ಯಾರ ಮಗುವಿಗೂ ಕೊಡಲಿಲ್ಲ.

ಗೊಲ್ಲರ ದೈವ ಜುಂಜಪ್ಪನ ಪದಕ್ಕೆ ಊದುವ ಗಣೆ ಎಂಬ ಉದ್ದ ಕೊಳಲಿನ ಜಾರುಸ್ವರ ಪಿಯಾನೋ ಮನೆಗಳಿಗೆ ಕೂರುವುದಿಲ್ಲ ಎಂದು ಪಂಡಿತರು ಹೇಳಬಹುದು. ಗಮಕ ಹಿಡಿಯದೆಂದು ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು. ಆದರೆ ನಮ್ಮ ಬಯಲಾಟದ ಮೇಷ್ಟ್ರುಗಳು ಅದೇ ಪೆಟ್ಟಿಗೆಯಲ್ಲಿ ಬೆಳ್ಳಿ ಮೂಡುವವರೆಗೆ ಊರನ್ನೇ ಕೂರಿಸಿಕೊಂಡಿದ್ದರು. ಅವರು ಹಾಕಿದ ಮಟ್ಟುಗಳೂ ಅವರ ಜೊತೆಗೇ ಹೋದವು.

ಬಿ.ಜಿ. ಕೆರೆಯ ಆ ಅಜ್ಜಿಗೆ ಎಂಬತ್ತು ದಾಟಿದೆ. ಸ್ವರ ಬರೆಯಬಲ್ಲವರು ಈ ವಾರವೇ ಹೋಗಿ ಅವಳ ಪಡಸಾಲೆಯಲ್ಲಿ ಕೂರಿ. ಮೊಮ್ಮಗಳನ್ನೂ ಪಕ್ಕದಲ್ಲಿ ಕೂರಿಸಿ. ಮೊದಲು ಅಜ್ಜಿಯ ಹೆಸರು ಬರೆದುಕೊಳ್ಳಿ, ಆಮೇಲೆ ಅವಳಿಗೆ ಪದ ಕಲಿಸಿದವಳ ಹೆಸರು.